ಎಲೆಕ್ಟ್ರಾನ್ ಸೂಕ್ಷ್ಮದರ್ಶಕ: ಪರಮಾಣು ತೋರಿಸುವ ಯಂತ್ರದಲ್ಲೂ ಚಿತ್ರ ಮಸುಕೇಕೆ? ಕಾಂಟ್ರಾಸ್ಟ್ ಹೆಚ್ಚಿಸುವುದು ಹೇಗೆ? ಇಲ್ಲಿದೆ ಮಾಹಿತಿ

2020ರ ಜನವರಿಯಲ್ಲಿ ಹೊಸ ಕೊರೊನಾ ವೈರಸ್‌ನ ಜೀನೋಮ್ ಮಾಹಿತಿ ಬಹಿರಂಗವಾಯಿತು. ಫೆಬ್ರವರಿ ಮುಗಿಯುವ ಮುನ್ನವೇ ಅಮೆರಿಕದ ಆಸ್ಟಿನ್‌ನಲ್ಲಿರುವ ಟೆಕ್ಸಾಸ್ ವಿಶ್ವವಿದ್ಯಾಲಯದ ವಿಜ್ಞಾನಿಗಳ ತಂಡ ಆ ವೈರಸ್‌ನ ಸ್ಪೈಕ್ ಪ್ರೋಟೀನ್ ರಚನೆಯನ್ನು 3.5 ಆಂಗ್‌ಸ್ಟ್ರಾಮ್ ವಿವರದಲ್ಲಿ ಜಗತ್ತಿನ ಮುಂದಿಟ್ಟಿತು. ಒಂದು ಮಿಲಿಮೀಟರ್ ಅನ್ನು ಒಂದು ಕೋಟಿ ಭಾಗ ಮಾಡಿದರೆ ಅದರಲ್ಲಿ ಒಂದು ಭಾಗವೇ ಒಂದು ಆಂಗ್‌ಸ್ಟ್ರಾಮ್. ಇಷ್ಟು ಸೂಕ್ಷ್ಮವಾದುದನ್ನು ತೋರಿಸಿದ್ದು ಎಲೆಕ್ಟ್ರಾನ್ ಸೂಕ್ಷ್ಮದರ್ಶಕ.

ಆದರೆ ಆ ಯಂತ್ರದಿಂದ ನೇರವಾಗಿ ಹೊರಬರುವ ಚಿತ್ರವನ್ನು ನೋಡಿದವರಿಗೆ ನಿರಾಸೆಯಾಗುವುದು ಖಚಿತ. ಪತ್ರಿಕೆಗಳಲ್ಲಿ ಕಾಣುವ ಕೆಂಪು, ನೀಲಿ ಬಣ್ಣದ ಸ್ಪೈಕ್ ಅಲ್ಲಿರುವುದಿಲ್ಲ. ಬೂದು ಬಣ್ಣದ ಹಿನ್ನೆಲೆ, ಅದರ ಮೇಲೆ ಮರಳು ಚೆಲ್ಲಿದಂತೆ ಕಾಳುಕಾಳಾದ ಮಸುಕು, ನಡುವೆ ಅಲ್ಲಲ್ಲಿ ಇದ್ದೂ ಇಲ್ಲದಂತೆ ಕಾಣುವ ಕಲೆಗಳು. ಅಷ್ಟೇ. ಪರಮಾಣುವನ್ನೇ ಬಿಡಿಸಿ ತೋರಿಸಬಲ್ಲ ಯಂತ್ರದ ಚಿತ್ರ ಇಷ್ಟು ಮಂಕಾಗಿರುವುದೇಕೆ? ಅದನ್ನು ಸರಿಪಡಿಸಲು ವಿಜ್ಞಾನಿಗಳು ಕಂಡುಕೊಂಡ ದಾರಿಗಳು ಯಾವುವು? ಅವುಗಳಿಗೆ ತೆರಬೇಕಾದ ಬೆಲೆ ಏನು? ಇಲ್ಲಿದೆ ವಿವರ.

ರೆಸಲ್ಯೂಷನ್ ಬೇರೆ, ಕಾಂಟ್ರಾಸ್ಟ್ ಬೇರೆ

ಈ ಎರಡು ಪದಗಳನ್ನು ಹಲವರು ಒಂದೇ ಎಂದುಕೊಳ್ಳುತ್ತಾರೆ. ವ್ಯತ್ಯಾಸ ತಿಳಿಯಲು ರಂಗೋಲಿಯನ್ನೇ ನೋಡಬಹುದು. ಕೈ ಪಳಗಿದವರು ಕೂದಲೆಳೆಯಷ್ಟು ತೆಳುವಾದ ಎಳೆ ಎಳೆಯುತ್ತಾರೆ. ಸಾರಿಸಿದ ಅಂಗಳದಲ್ಲಿ ಆ ಎಳೆ ಎದ್ದು ಕಾಣುತ್ತದೆ. ಅದೇ ರಂಗೋಲಿಯನ್ನು ಅಪಾರ್ಟ್‌ಮೆಂಟಿನ ಬಿಳಿ ಟೈಲ್ಸ್ ಮೇಲೆ ಹಾಕಿದರೆ? ಎಳೆ ಅಷ್ಟೇ ಸೂಕ್ಷ್ಮವಾಗಿರುತ್ತದೆ, ಆದರೆ ಕಣ್ಣಿಗೆ ಕಾಣುವುದಿಲ್ಲ.

ಎಳೆ ಎಷ್ಟು ತೆಳುವಾಗಿದೆ, ಪಕ್ಕಪಕ್ಕದ ಎರಡು ಎಳೆಗಳು ಬೇರೆಬೇರೆಯಾಗಿ ತೋರುತ್ತವೆಯೇ ಎಂಬುದು ರೆಸಲ್ಯೂಷನ್. ಎಳೆಗೂ ನೆಲಕ್ಕೂ ಎಷ್ಟು ವ್ಯತ್ಯಾಸವಿದೆ ಎಂಬುದು ಕಾಂಟ್ರಾಸ್ಟ್. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಪ್ರೋಟೀನ್ ನೋಡುವುದೆಂದರೆ ಬಿಳಿ ಟೈಲ್ಸ್ ಮೇಲಿನ ರಂಗೋಲಿ ನೋಡಿದಂತೆ.

ಏನಿದು ಎಲೆಕ್ಟ್ರಾನ್ ಸೂಕ್ಷ್ಮದರ್ಶಕ?

ಶಾಲೆಯ ಪ್ರಯೋಗಾಲಯದಲ್ಲಿರುವ ಸೂಕ್ಷ್ಮದರ್ಶಕ ಬೆಳಕನ್ನು ಬಳಸುತ್ತದೆ. ಕಣ್ಣಿಗೆ ಕಾಣುವ ಬೆಳಕಿನ ತರಂಗಾಂತರ ಸುಮಾರು 400ರಿಂದ 700 ನ್ಯಾನೊಮೀಟರ್. ಹೀಗಾಗಿ ಸುಮಾರು 200 ನ್ಯಾನೊಮೀಟರ್‌ಗಿಂತ ಚಿಕ್ಕ ವಿವರ ಅದರಲ್ಲಿ ಸಿಗುವುದಿಲ್ಲ. ಬಹುತೇಕ ವೈರಸ್‌ಗಳು ಇದಕ್ಕಿಂತ ಚಿಕ್ಕವು.

1931ರಲ್ಲಿ ಬರ್ಲಿನ್‌ನಲ್ಲಿ ಅರ್ನ್‌ಸ್ಟ್ ರುಸ್ಕಾ ಮತ್ತು ಮ್ಯಾಕ್ಸ್ ನೋಲ್ ಬೆಳಕಿನ ಬದಲು ಎಲೆಕ್ಟ್ರಾನ್ ಕಿರಣ, ಗಾಜಿನ ಬದಲು ಅಯಸ್ಕಾಂತದ ಲೆನ್ಸ್ ಬಳಸಿ ಮೊದಲ ಯಂತ್ರ ಕಟ್ಟಿದರು. 300 ಕಿಲೋವೋಲ್ಟ್‌ನಲ್ಲಿ ಓಡುವ ಎಲೆಕ್ಟ್ರಾನ್‌ನ ತರಂಗಾಂತರ ಸುಮಾರು 0.002 ನ್ಯಾನೊಮೀಟರ್, ಅಂದರೆ ಪರಮಾಣುವಿಗಿಂತಲೂ ಎಷ್ಟೋ ಪಟ್ಟು ಚಿಕ್ಕದು. ಈ ಕೆಲಸಕ್ಕೆ ರುಸ್ಕಾ ಅವರಿಗೆ ನೊಬೆಲ್ ಬಂದಿದ್ದು 1986ರಲ್ಲಿ, ಬರೋಬ್ಬರಿ 55 ವರ್ಷಗಳ ನಂತರ.

ಚಿತ್ರ ಮಸುಕಾಗಲು ಕಾರಣವೇನು?

ಇದಕ್ಕೆ ಮೂರು ಮುಖ್ಯ ಕಾರಣಗಳಿವೆ.

ಮೊದಲನೆಯದು, ಪ್ರೋಟೀನ್ ಮತ್ತು ನೀರು ಎರಡೂ ಹಗುರ ಪರಮಾಣುಗಳಿಂದ ಆದವು. ಕಾರ್ಬನ್, ನೈಟ್ರೋಜನ್, ಆಕ್ಸಿಜನ್, ಹೈಡ್ರೋಜನ್‌ಗಳು ಎಲೆಕ್ಟ್ರಾನ್‌ಗಳನ್ನು ಚದುರಿಸುವುದು ಕಡಿಮೆ. ಸುತ್ತಲಿನ ಮಂಜುಗಡ್ಡೆಗೂ ಅದರೊಳಗಿನ ಪ್ರೋಟೀನಿಗೂ ದೊಡ್ಡ ವ್ಯತ್ಯಾಸವಿಲ್ಲ.

ಎರಡನೆಯದು, ತೆಳುವಾದ ಸ್ಯಾಂಪಲ್ ಎಲೆಕ್ಟ್ರಾನ್‌ಗಳನ್ನು ತಡೆಯುವುದಿಲ್ಲ. ಅವುಗಳ ಅಲೆಯ ಹೆಜ್ಜೆಯನ್ನು ಸ್ವಲ್ಪ ಆಚೀಚೆ ಮಾಡುತ್ತದೆ ಅಷ್ಟೇ. ಇದನ್ನು ಫೇಸ್ ಬದಲಾವಣೆ ಎನ್ನುತ್ತಾರೆ. ಕವಾಯತಿನಲ್ಲಿ ಸಾಗುವ ಸಾಲಿನಲ್ಲಿ ಕೆಲವರ ಹೆಜ್ಜೆ ತಪ್ಪಿದರೂ ಗೇಟಿನಲ್ಲಿ ತಲೆ ಎಣಿಸುವವರಿಗೆ ಲೆಕ್ಕ ಒಂದೇ. ಕ್ಯಾಮೆರಾ ಮಾಡುವುದೂ ತಲೆ ಎಣಿಸುವ ಕೆಲಸವನ್ನೇ. ತಪ್ಪಿದ ಹೆಜ್ಜೆ ಅದಕ್ಕೆ ಕಾಣುವುದಿಲ್ಲ.

ಮೂರನೆಯದು, ಹೆಚ್ಚು ಎಲೆಕ್ಟ್ರಾನ್ ಹಾಯಿಸಿ ಚಿತ್ರ ಸ್ಪಷ್ಟ ಮಾಡೋಣವೆಂದರೆ ಸ್ಯಾಂಪಲ್ ಹಾಳಾಗುತ್ತದೆ. ಎಲೆಕ್ಟ್ರಾನ್ ಬಡಿತಕ್ಕೆ ಪ್ರೋಟೀನ್‌ನ ರಾಸಾಯನಿಕ ಬಂಧಗಳು ಮುರಿಯುತ್ತವೆ. ಆದ್ದರಿಂದ ಒಂದು ಚದರ ಆಂಗ್‌ಸ್ಟ್ರಾಮ್ ಜಾಗಕ್ಕೆ ಕೆಲವು ಹತ್ತು ಎಲೆಕ್ಟ್ರಾನ್‌ಗಳಷ್ಟೇ ಮಿತಿ. ಕತ್ತಲ ಕೋಣೆಯಲ್ಲಿ ಫ್ಲ್ಯಾಷ್ ಇಲ್ಲದೆ ಮೊಬೈಲಿನಲ್ಲಿ ಫೋಟೊ ತೆಗೆದಾಗ ಬರುವ ಕಾಳುಕಾಳು ಇಲ್ಲೂ ಬರುವುದು ಇದೇ ಕಾರಣಕ್ಕೆ.

ದಾರಿ 1: ಭಾರ ಲೋಹದ ಲೇಪ

ಹಳೆಯ ಉಪಾಯವೆಂದರೆ ನೆಲದ ಬಣ್ಣವನ್ನೇ ಬದಲಿಸುವುದು. 1959ರಲ್ಲಿ ಕೇಂಬ್ರಿಜ್‌ನಲ್ಲಿ ಸಿಡ್ನಿ ಬ್ರೆನ್ನರ್ ಮತ್ತು ರಾಬರ್ಟ್ ಹಾರ್ನ್ ನೆಗೆಟಿವ್ ಸ್ಟೇನಿಂಗ್ ವಿಧಾನವನ್ನು ವಿವರಿಸಿದರು. ಭಾರ ಲೋಹದ ಲವಣದ ದ್ರಾವಣದಲ್ಲಿ ವೈರಸ್ ಅಥವಾ ಪ್ರೋಟೀನ್ ಅನ್ನು ಒಣಗಿಸಿದರೆ ಸುತ್ತಲೂ ಲೋಹ ಕಟ್ಟಿಕೊಳ್ಳುತ್ತದೆ. ಲೋಹ ಎಲೆಕ್ಟ್ರಾನ್‌ಗಳನ್ನು ಜೋರಾಗಿ ಚದುರಿಸುವುದರಿಂದ ಹಿನ್ನೆಲೆ ಕಪ್ಪಾಗಿ, ವಸ್ತು ಬೆಳ್ಳಗೆ ಎದ್ದು ಕಾಣುತ್ತದೆ. ಇಂದು ಈ ಕೆಲಸಕ್ಕೆ ಯುರೇನೈಲ್ ಅಸಿಟೇಟ್ ಹೆಚ್ಚು ಬಳಕೆಯಲ್ಲಿದೆ.

ಇದು ಅಗ್ಗ, ಬೇಗ ಆಗುವ ಕೆಲಸ. ಆದರೆ ಕಾಣುವುದು ಪ್ರೋಟೀನ್ ಅಲ್ಲ, ಅದರ ಸುತ್ತ ಕಟ್ಟಿದ ಲೋಹದ ಅಚ್ಚು. ಲೋಹದ ಕಣಗಳಿಗಿಂತ ಚಿಕ್ಕ ವಿವರ ಸಿಗುವುದಿಲ್ಲ. ಒಣಗಿಸುವಾಗ ಆಕಾರವೂ ಕುಗ್ಗಬಹುದು.

ದಾರಿ 2: ಅಪರ್ಚರ್ ಮತ್ತು ವೋಲ್ಟೇಜ್

ಲೆನ್ಸ್‌ನ ಬಳಿ ಚಿಕ್ಕ ರಂಧ್ರವಿರುವ ತಗಡಿಟ್ಟರೆ ದೊಡ್ಡ ಕೋನದಲ್ಲಿ ಚದುರಿದ ಎಲೆಕ್ಟ್ರಾನ್‌ಗಳು ಅಲ್ಲೇ ನಿಲ್ಲುತ್ತವೆ. ಹೆಚ್ಚು ಚದುರಿಸುವ ಭಾಗ ಚಿತ್ರದಲ್ಲಿ ಕಪ್ಪಾಗುತ್ತದೆ. ಇದನ್ನು ಆಬ್ಜೆಕ್ಟಿವ್ ಅಪರ್ಚರ್ ಎನ್ನುತ್ತಾರೆ. ರಂಧ್ರ ಚಿಕ್ಕದಾದಷ್ಟೂ ಕಾಂಟ್ರಾಸ್ಟ್ ಹೆಚ್ಚು. ಆದರೆ ಅತಿ ಸೂಕ್ಷ್ಮ ವಿವರವನ್ನು ಹೊತ್ತು ತರುವುದು ದೊಡ್ಡ ಕೋನದ ಎಲೆಕ್ಟ್ರಾನ್‌ಗಳೇ. ಅವನ್ನು ತಡೆದರೆ ರೆಸಲ್ಯೂಷನ್ ಇಳಿಯುತ್ತದೆ.

ವೋಲ್ಟೇಜ್ ಇಳಿಸುವುದೂ ಒಂದು ಉಪಾಯ. ನಿಧಾನವಾಗಿ ಸಾಗುವ ಎಲೆಕ್ಟ್ರಾನ್ ಹೆಚ್ಚು ಚದುರುತ್ತದೆ, ಚಿತ್ರ ಗಾಢವಾಗುತ್ತದೆ. ಒಂದೇ ಪರಮಾಣು ದಪ್ಪದ ಗ್ರಾಫೀನ್ ಹಾಳೆಯನ್ನು ಸಾಮಾನ್ಯವಾಗಿ 80 ಕಿಲೋವೋಲ್ಟ್ ಅಥವಾ ಅದಕ್ಕೂ ಕಡಿಮೆಯಲ್ಲಿ ನೋಡುತ್ತಾರೆ. ಅದಕ್ಕಿಂತ ಹೆಚ್ಚಾದರೆ ಎಲೆಕ್ಟ್ರಾನ್‌ಗಳು ಕಾರ್ಬನ್ ಪರಮಾಣುಗಳನ್ನೇ ಜಾಗದಿಂದ ಕಿತ್ತೆಸೆಯುತ್ತವೆ. ಆದರೆ ವೋಲ್ಟೇಜ್ ಇಳಿದಂತೆ ಸ್ಯಾಂಪಲ್ ಇನ್ನಷ್ಟು ತೆಳುವಾಗಿರಬೇಕು, ಲೆನ್ಸ್‌ನ ದೋಷಗಳೂ ಹೆಚ್ಚು ಕಾಡುತ್ತವೆ.

ದಾರಿ 3: ಬೇಕೆಂದೇ ಫೋಕಸ್ ತಪ್ಪಿಸುವುದು!

ಕೇಳಲು ವಿಚಿತ್ರವೆನಿಸಿದರೂ ಇದು ನಿಜ. ಸರಿಯಾಗಿ ಫೋಕಸ್ ಆದಾಗ ತೆಳುವಾದ ಪ್ರೋಟೀನ್ ಬಹುತೇಕ ಮಾಯವಾಗುತ್ತದೆ. ಫೋಕಸ್ ಅನ್ನು ಒಂದೆರಡು ಮೈಕ್ರೊಮೀಟರ್‌ನಷ್ಟು ತಪ್ಪಿಸಿದರೆ ಕಾಣತೊಡಗುತ್ತದೆ.

ಕಾರಣ ಇಷ್ಟೇ. ಸ್ಯಾಂಪಲ್‌ನಲ್ಲಿ ಚದುರಿದ ಅಲೆಗೂ, ಚದುರದೆ ನೇರ ಬಂದ ಅಲೆಗೂ ನಡುವೆ ಕಾಲು ಸುತ್ತಿನ, ಅಂದರೆ 90 ಡಿಗ್ರಿಯ ಹೆಚ್ಚುವರಿ ವ್ಯತ್ಯಾಸ ತಂದರೆ ತಪ್ಪಿದ ಹೆಜ್ಜೆ ಬೆಳಕು-ಕತ್ತಲಾಗಿ ಬದಲಾಗುತ್ತದೆ. ಫೋಕಸ್ ತಪ್ಪಿಸುವುದರಿಂದ ಈ ಕೆಲಸ ಸ್ವಲ್ಪಮಟ್ಟಿಗೆ ಆಗುತ್ತದೆ. ಲೆನ್ಸ್‌ನ ದೋಷಕ್ಕೆ ಸರಿಹೊಂದುವಂತೆ ಫೋಕಸ್ ಅನ್ನು ಎಷ್ಟು ತಪ್ಪಿಸಿದರೆ ಉತ್ತಮ ಎಂಬ ಲೆಕ್ಕವನ್ನು ಜರ್ಮನಿಯ ಒಟ್ಟೊ ಶೆರ್ಜರ್ 1949ರಲ್ಲಿ ಕೊಟ್ಟರು. ಇಂದಿಗೂ ಅದು ಅವರ ಹೆಸರಿನಲ್ಲೇ ಇದೆ.

ಇದರ ಬೆಲೆಯೂ ದೊಡ್ಡದೇ. ಎಲ್ಲ ಗಾತ್ರದ ವಿವರಗಳಿಗೂ ಒಂದೇ ಪ್ರಮಾಣದ ಕಾಂಟ್ರಾಸ್ಟ್ ಸಿಗುವುದಿಲ್ಲ. ಕೆಲವು ಗಾತ್ರದ ವಿವರ ಕಪ್ಪಾಗಿ, ಕೆಲವು ತಲೆಕೆಳಗಾಗಿ ಬೆಳ್ಳಗೆ ಬರುತ್ತವೆ. ಕೆಲವು ಗಾತ್ರಗಳು ಪೂರ್ತಿ ಅಳಿಸಿಹೋಗುತ್ತವೆ. ಈ ಏರಿಳಿತದ ಲೆಕ್ಕವನ್ನು ಕಾಂಟ್ರಾಸ್ಟ್ ಟ್ರಾನ್ಸ್‌ಫರ್ ಫಂಕ್ಷನ್, ಚಿಕ್ಕದಾಗಿ ಸಿಟಿಎಫ್ ಎಂದು ಕರೆಯುತ್ತಾರೆ. ಇದಕ್ಕೆ ಪರಿಹಾರವಾಗಿ ಬೇರೆಬೇರೆ ಫೋಕಸ್‌ನಲ್ಲಿ ಹಲವು ಚಿತ್ರ ತೆಗೆದು, ಒಂದರಲ್ಲಿ ಅಳಿದುದನ್ನು ಇನ್ನೊಂದರಿಂದ ತುಂಬಿಸಿ, ತಲೆಕೆಳಗಾದುದನ್ನು ಕಂಪ್ಯೂಟರ್ ಮೂಲಕ ನೆಟ್ಟಗೆ ಮಾಡುತ್ತಾರೆ.

ದಾರಿ 4: ಫೇಸ್ ಪ್ಲೇಟ್

ಫೋಕಸ್ ತಪ್ಪಿಸದೆಯೇ ಆ 90 ಡಿಗ್ರಿ ತರಲು ಸಾಧ್ಯವಿಲ್ಲವೇ? ಬೆಳಕಿನ ಸೂಕ್ಷ್ಮದರ್ಶಕದಲ್ಲಿ ಡಚ್ ವಿಜ್ಞಾನಿ ಫ್ರಿಟ್ಸ್ ಜೆರ್ನಿಕೆ ಇದನ್ನು ಸಾಧಿಸಿ 1953ರ ನೊಬೆಲ್ ಪಡೆದರು. ಬಣ್ಣ ಹಾಕದೆ ಜೀವಂತ ಕೋಶವನ್ನು ನೋಡುವುದು ಅದರಿಂದ ಸುಲಭವಾಯಿತು.

ಎಲೆಕ್ಟ್ರಾನ್‌ಗೂ ಇದನ್ನೇ ಮಾಡಬಹುದು ಎಂದು 1947ರಲ್ಲೇ ಹಾನ್ಸ್ ಬೋರ್ಶ್ ಸೂಚಿಸಿದ್ದರು. ಆದರೆ ಎಲೆಕ್ಟ್ರಾನ್ ಕಿರಣದ ದಾರಿಯಲ್ಲಿ ಏನೇ ಇಟ್ಟರೂ ಅದು ಕೊಳೆಯಾಗುತ್ತದೆ, ವಿದ್ಯುದಾವೇಶ ಹೊಂದುತ್ತದೆ, ಕೆಡುತ್ತದೆ. 2014ರಲ್ಲಿ ಜರ್ಮನಿಯ ಮ್ಯಾಕ್ಸ್ ಪ್ಲಾಂಕ್ ಜೀವರಸಾಯನ ಸಂಸ್ಥೆಯ ರಾಡೊಸ್ಟಿನ್ ಡಾನೆವ್ ಮತ್ತು ಸಂಗಡಿಗರು ವೋಲ್ಟಾ ಫೇಸ್ ಪ್ಲೇಟ್ ತಂದರು. ಕಾಯಿಸಿದ ತೆಳು ಕಾರ್ಬನ್ ಪೊರೆಯ ಮೇಲೆ ಎಲೆಕ್ಟ್ರಾನ್ ಕಿರಣವೇ ಬೇಕಾದ ವಿದ್ಯುತ್ ವ್ಯತ್ಯಾಸವನ್ನು ಸೃಷ್ಟಿಸಿಕೊಳ್ಳುವ ಜಾಣ ವಿಧಾನವಿದು. 2017ರಲ್ಲಿ ಇದನ್ನು ಬಳಸಿ ನಮ್ಮ ರಕ್ತದ ಹಿಮೋಗ್ಲೋಬಿನ್ ರಚನೆಯನ್ನು 3.2 ಆಂಗ್‌ಸ್ಟ್ರಾಮ್‌ನಲ್ಲಿ ಪಡೆಯಲಾಯಿತು. ಹಿಮೋಗ್ಲೋಬಿನ್ ತೂಕ ಸುಮಾರು 64 ಕಿಲೋಡಾಲ್ಟನ್. ಅಷ್ಟು ಚಿಕ್ಕ ಪ್ರೋಟೀನ್ ಅನ್ನು ಮಂಜುಗಡ್ಡೆಯೊಳಗೆ ಗುರುತಿಸುವುದೇ ಕಷ್ಟ.

ಆದರೆ ಈ ಪೊರೆ ಒಂದಿಷ್ಟು ಎಲೆಕ್ಟ್ರಾನ್‌ಗಳನ್ನು ತಾನೇ ಚದುರಿಸುತ್ತದೆ. ಬಳಸಿದಂತೆಲ್ಲ ಅದರ ಗುಣವೂ ಬದಲಾಗುತ್ತದೆ. ಹಾಗಾಗಿ ದಾರಿಯಲ್ಲಿ ವಸ್ತುವನ್ನೇ ಇಡದ ಲೇಸರ್ ಫೇಸ್ ಪ್ಲೇಟ್ ಮೇಲೆ ಈಗ ಕಣ್ಣು ನೆಟ್ಟಿದೆ. ಅಮೆರಿಕದ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ತಂಡ 2019ರಲ್ಲಿ ಇದನ್ನು ಮಾಡಿ ತೋರಿಸಿತು. ಇಲ್ಲಿ ಎಲೆಕ್ಟ್ರಾನ್ ಹಾದುಹೋಗುವುದು ಅತಿ ತೀವ್ರ ಬೆಳಕಿನ ನಡುವೆ ಮಾತ್ರ.

ದಾರಿ 5: ಮಬ್ಬು ಕಳೆಯುವುದು

ಕೆಲವು ಎಲೆಕ್ಟ್ರಾನ್‌ಗಳು ಸ್ಯಾಂಪಲ್‌ನಲ್ಲಿ ಶಕ್ತಿ ಕಳೆದುಕೊಂಡು ಬರುತ್ತವೆ. ಲೆನ್ಸ್ ಅವನ್ನು ಬೇರೆ ಜಾಗದಲ್ಲಿ ಫೋಕಸ್ ಮಾಡುವುದರಿಂದ ಚಿತ್ರದ ಮೇಲೆ ಮಂಜು ಮುಸುಕಿದಂತಾಗುತ್ತದೆ. ಎನರ್ಜಿ ಫಿಲ್ಟರ್ ಎಂಬ ಉಪಕರಣ ಈ ದಣಿದ ಎಲೆಕ್ಟ್ರಾನ್‌ಗಳನ್ನು ಸೋಸಿ, ಶಕ್ತಿ ಉಳಿಸಿಕೊಂಡವನ್ನು ಮಾತ್ರ ಕ್ಯಾಮೆರಾಗೆ ಬಿಡುತ್ತದೆ.

ಇದಕ್ಕಿಂತ ಮೊದಲು ಮಾಡಬೇಕಾದ ಕೆಲಸ ಸ್ಯಾಂಪಲ್ ತೆಳುವಾಗಿಸುವುದು. ಮಂಜುಗಡ್ಡೆಯ ಪದರ ಪ್ರೋಟೀನ್‌ಗಿಂತ ಸ್ವಲ್ಪವೇ ದಪ್ಪವಿದ್ದರೆ ಒಳ್ಳೆಯದು. ಇಡೀ ಕೋಶವನ್ನು ನೋಡಬೇಕಿದ್ದರೆ ಅಯಾನ್ ಕಿರಣದಿಂದ ಅದನ್ನು 100ರಿಂದ 200 ನ್ಯಾನೊಮೀಟರ್ ದಪ್ಪದ ಹಾಳೆಯಾಗಿ ಕೆತ್ತುತ್ತಾರೆ. ದಪ್ಪ ಸ್ಯಾಂಪಲ್ ಇಟ್ಟು ದುಬಾರಿ ಉಪಕರಣ ಜೋಡಿಸಿದರೆ ಪ್ರಯೋಜನ ಕಡಿಮೆ.

ದಾರಿ 6: ಹೊಸ ಕ್ಯಾಮೆರಾ, ಸಾವಿರಾರು ಚಿತ್ರಗಳ ಸರಾಸರಿ

2017ರ ರಸಾಯನಶಾಸ್ತ್ರ ನೊಬೆಲ್ ಅನ್ನು ಜಾಕ್ ಡುಬೊಶೆ, ಜೋಕಿಮ್ ಫ್ರಾಂಕ್ ಮತ್ತು ರಿಚರ್ಡ್ ಹೆಂಡರ್ಸನ್ ಹಂಚಿಕೊಂಡರು. ಕ್ರಯೋ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಎಂಬ ವಿಧಾನಕ್ಕೆ ಬುನಾದಿ ಹಾಕಿದವರು ಇವರು. ದ್ರವ ಈಥೇನ್‌ನಲ್ಲಿ ಸ್ಯಾಂಪಲ್ ಅನ್ನು ಕ್ಷಣಾರ್ಧದಲ್ಲಿ ಮುಳುಗಿಸಿದರೆ ನೀರು ಹರಳುಗಟ್ಟದೆ ಗಾಜಿನಂತೆ ಗಟ್ಟಿಯಾಗುತ್ತದೆ ಎಂದು 1980ರ ದಶಕದ ಆರಂಭದಲ್ಲಿ ಡುಬೊಶೆ ತೋರಿಸಿದರು. ಲೋಹದ ಲೇಪವಿಲ್ಲದೆ, ಒಣಗಿಸದೆ ಪ್ರೋಟೀನ್ ನೋಡಲು ಇದರಿಂದ ದಾರಿಯಾಯಿತು.

ಫ್ರಾಂಕ್ ಅವರ ಕೊಡುಗೆ ಸರಾಸರಿ ತೆಗೆಯುವ ಗಣಿತ. ಒಂದೇ ಬಗೆಯ ಪ್ರೋಟೀನ್‌ನ ಸಾವಿರಾರು ಮಸುಕು ಚಿತ್ರಗಳನ್ನು ಒಂದರ ಮೇಲೊಂದು ಸರಿಯಾಗಿ ಕೂರಿಸಿದರೆ ಕಾಳುಗಳು ಪರಸ್ಪರ ಅಳಿಸಿಹೋಗುತ್ತವೆ, ನಿಜವಾದ ಆಕಾರ ಉಳಿಯುತ್ತದೆ. 100 ಚಿತ್ರಗಳ ಸರಾಸರಿಯಿಂದ ಗದ್ದಲ 10 ಪಟ್ಟು ಇಳಿಯುತ್ತದೆ, 10,000 ಚಿತ್ರಗಳಿಂದ 100 ಪಟ್ಟು.

ಹಳೆಯ ಡಿಜಿಟಲ್ ಕ್ಯಾಮೆರಾಗಳು ಎಲೆಕ್ಟ್ರಾನ್ ಅನ್ನು ಮೊದಲು ಬೆಳಕಾಗಿ ಬದಲಿಸಿ ನಂತರ ಚಿತ್ರ ತೆಗೆಯುತ್ತಿದ್ದವು. ಆ ಹಂತದಲ್ಲೇ ವಿವರ ಕದಡುತ್ತಿತ್ತು. 2012ರ ಆಸುಪಾಸಿನಲ್ಲಿ ಬಳಕೆಗೆ ಬಂದ ಡೈರೆಕ್ಟ್ ಡಿಟೆಕ್ಟರ್‌ಗಳು ಎಲೆಕ್ಟ್ರಾನ್ ಅನ್ನು ನೇರವಾಗಿ ಹಿಡಿಯುತ್ತವೆ. ಒಂದು ಫೋಟೊ ಬದಲು ಚಿಕ್ಕ ವಿಡಿಯೊ ತೆಗೆಯುತ್ತವೆ. ಎಲೆಕ್ಟ್ರಾನ್ ಬಡಿತಕ್ಕೆ ಸ್ಯಾಂಪಲ್ ಅಲುಗಾಡಿದರೆ ಆ ಚಲನೆಯನ್ನು ಫ್ರೇಮ್‌ನಿಂದ ಫ್ರೇಮ್‌ಗೆ ಸರಿಪಡಿಸಬಹುದು. 2013ರಲ್ಲಿ ಖಾರ ಮತ್ತು ಬಿಸಿಯನ್ನು ಗ್ರಹಿಸುವ ಟಿಆರ್‌ಪಿವಿ1 ಪ್ರೋಟೀನ್ ರಚನೆ 3.4 ಆಂಗ್‌ಸ್ಟ್ರಾಮ್‌ನಲ್ಲಿ ಸಿಕ್ಕಿದ್ದು ಇದರ ಬಲದಿಂದಲೇ. 2020ರಲ್ಲಿ ಕೇಂಬ್ರಿಜ್ ಮತ್ತು ಗಟಿಂಗೆನ್ ತಂಡಗಳು ಅಪೊಫೆರಿಟಿನ್ ಎಂಬ ಪ್ರೋಟೀನ್‌ನಲ್ಲಿ ಸುಮಾರು 1.2 ಆಂಗ್‌ಸ್ಟ್ರಾಮ್ ತಲುಪಿ ಪರಮಾಣುಗಳನ್ನು ಒಂದೊಂದಾಗಿ ಗುರುತಿಸಿದವು.

ಲೋಹ, ಬ್ಯಾಟರಿ, ಚಿಪ್‌ಗಳ ಕಥೆಯೇ ಬೇರೆ

ಲೋಹ, ಸೆರಾಮಿಕ್‌ಗಳು ಎಲೆಕ್ಟ್ರಾನ್ ಬಡಿತವನ್ನು ಪ್ರೋಟೀನ್‌ಗಿಂತ ಚೆನ್ನಾಗಿ ತಾಳಿಕೊಳ್ಳುತ್ತವೆ. ಅಲ್ಲಿ ಸಮಸ್ಯೆ ಲೆನ್ಸ್‌ನದ್ದು. ಸಾಮಾನ್ಯ ದುಂಡು ಅಯಸ್ಕಾಂತದ ಲೆನ್ಸ್‌ನಲ್ಲಿ ಗೋಳೀಯ ದೋಷ ತಪ್ಪದು ಎಂದು ಶೆರ್ಜರ್ 1936ರಲ್ಲೇ ಸಾಬೀತು ಮಾಡಿದ್ದರು. 1998ರಲ್ಲಿ ಜರ್ಮನಿಯ ಮ್ಯಾಕ್ಸಿಮಿಲಿಯನ್ ಹೈಡರ್, ಹರಾಲ್ಡ್ ರೋಸ್, ಕ್ನುಟ್ ಉರ್ಬಾನ್ ತಂಡ ದುಂಡಲ್ಲದ ಅಯಸ್ಕಾಂತಗಳ ಜೋಡಣೆಯಿಂದ ಈ ದೋಷ ನಿವಾರಿಸಿ ತೋರಿಸಿತು.

ಇಲ್ಲೊಂದು ತಮಾಷೆಯಿದೆ. ಫೋಕಸ್ ತಪ್ಪಿಸಿ ಪಡೆಯುವ ಕಾಂಟ್ರಾಸ್ಟ್‌ನಲ್ಲಿ ಲೆನ್ಸ್ ದೋಷದ ಪಾಲೂ ಇದೆ. ದೋಷವನ್ನು ಪೂರ್ತಿ ತೆಗೆದು ಸರಿಯಾಗಿ ಫೋಕಸ್ ಮಾಡಿದರೆ ತೆಳು ಸ್ಯಾಂಪಲ್ ಮತ್ತೆ ಮಂಕಾಗುತ್ತದೆ! ಹಾಗಾಗಿ ಯೂಲಿಶ್‌ನ ಸಂಶೋಧಕರು ಬೇಕೆಂದೇ ಸ್ವಲ್ಪ ವಿರುದ್ಧ ದಿಕ್ಕಿನ ದೋಷ ಉಳಿಸಿಕೊಂಡರು. 2003ರಲ್ಲಿ ಸೆರಾಮಿಕ್‌ನೊಳಗಿನ ಆಕ್ಸಿಜನ್ ಪರಮಾಣು ಸಾಲುಗಳು ಕತ್ತಲ ಹಿನ್ನೆಲೆಯಲ್ಲಿ ಬೆಳ್ಳಗೆ ಹೊಳೆದವು.

ಇನ್ನೊಂದು ವಿಧಾನ ಝಡ್ ಕಾಂಟ್ರಾಸ್ಟ್. ಚೂಪಾದ ಎಲೆಕ್ಟ್ರಾನ್ ಕಿರಣವನ್ನು ಸ್ಯಾಂಪಲ್ ಮೇಲೆ ಸಾಲುಸಾಲಾಗಿ ಓಡಿಸಿ, ದೊಡ್ಡ ಕೋನದಲ್ಲಿ ಚದುರಿದವನ್ನು ಮಾತ್ರ ಎಣಿಸುತ್ತಾರೆ. ಪರಮಾಣು ಸಂಖ್ಯೆ ಹೆಚ್ಚಿದಷ್ಟೂ ಹೊಳಪು ಹೆಚ್ಚು. ಚಿಕಾಗೊದ ಆಲ್ಬರ್ಟ್ ಕ್ರೂ 1970ರಲ್ಲಿ ಕಿರಣವನ್ನು ಹೀಗೆ ಓಡಿಸುವ ಯಂತ್ರದಿಂದಲೇ ಬಿಡಿ ಭಾರ ಪರಮಾಣುಗಳನ್ನು ತೋರಿಸಿದ್ದರು. ಚಿನ್ನ ಇಲ್ಲಿ ಝಗಮಗಿಸಿದರೆ, ಬ್ಯಾಟರಿಯ ಜೀವಾಳವಾದ ಹಗುರ ಲಿಥಿಯಂ ಕಣ್ಮರೆಯಾಗುತ್ತದೆ. ಅದಕ್ಕೆ ಚಿಕ್ಕ ಕೋನದ ಎಲೆಕ್ಟ್ರಾನ್‌ಗಳನ್ನು ಉಂಗುರಾಕಾರದ ಡಿಟೆಕ್ಟರ್‌ನಲ್ಲಿ ಹಿಡಿಯುವ ಪ್ರತ್ಯೇಕ ವಿಧಾನವಿದೆ.

ಇತ್ತೀಚಿನದು ಟೈಕೊಗ್ರಫಿ. ಕಿರಣ ನಿಂತ ಪ್ರತಿ ಬಿಂದುವಿನಲ್ಲೂ ಚದುರುವಿಕೆಯ ಇಡೀ ವಿನ್ಯಾಸವನ್ನು ದಾಖಲಿಸಿ, ಕಳೆದುಹೋದ ಫೇಸ್ ಅನ್ನು ಕಂಪ್ಯೂಟರ್ ಲೆಕ್ಕದಿಂದ ಮರಳಿ ಪಡೆಯುವುದು ಇದರ ಹೂರಣ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ತಂಡ 2018ರಲ್ಲಿ ಇದರಿಂದ 0.39 ಆಂಗ್‌ಸ್ಟ್ರಾಮ್ ತಲುಪಿತು.

ಎಚ್ಚರ: ಗದ್ದಲದಲ್ಲೂ ಐನ್‌ಸ್ಟೈನ್ ಕಾಣಬಹುದು!

ಕಾಂಟ್ರಾಸ್ಟ್ ಕಡಿಮೆಯಿದ್ದಾಗ ದೊಡ್ಡ ಅಪಾಯವೆಂದರೆ ಇಲ್ಲದುದು ಕಾಣುವುದು. ಹೆಂಡರ್ಸನ್ 2013ರಲ್ಲಿ ಬರೆದ ಲೇಖನವೊಂದರಲ್ಲಿ ಈ ಬಗ್ಗೆ ಎಚ್ಚರಿಸಿದ್ದರು. ಏನೂ ಇಲ್ಲದ, ಬರೀ ಕಾಳುಕಾಳಿನ ಸಾವಿರ ಚಿತ್ರಗಳನ್ನು ತೆಗೆದುಕೊಳ್ಳಿ. ಪ್ರತಿಯೊಂದನ್ನೂ ಐನ್‌ಸ್ಟೈನ್ ಫೋಟೊಗೆ ಅತಿ ಹೆಚ್ಚು ಹೊಂದುವಂತೆ ಸರಿಸಿ ಸರಾಸರಿ ತೆಗೆಯಿರಿ. ಕೊನೆಯಲ್ಲಿ ಐನ್‌ಸ್ಟೈನ್ ಮುಖವೇ ಮೂಡುತ್ತದೆ!

ಅಂದರೆ ಮೊದಲೇ ಮನಸ್ಸಿನಲ್ಲಿಟ್ಟುಕೊಂಡ ಆಕಾರವನ್ನು ಮಾದರಿಯಾಗಿ ಕೊಟ್ಟರೆ ಕಂಪ್ಯೂಟರ್ ಅದನ್ನೇ ಮರಳಿಸಬಹುದು. ಅದೇ ಕಾಲಕ್ಕೆ ಎಚ್‌ಐವಿಯ ಪ್ರೋಟೀನ್ ಒಂದರ ರಚನೆ ಕುರಿತು ಇದೇ ಪ್ರಶ್ನೆ ಎದ್ದು ವಿಜ್ಞಾನಿಗಳ ನಡುವೆ ಬಹಿರಂಗ ವಾದವೇ ನಡೆದಿತ್ತು. ಲಸಿಕೆ, ಔಷಧಗಳನ್ನು ಇಂಥ ರಚನೆ ನೋಡಿಯೇ ರೂಪಿಸುವುದರಿಂದ ಇಲ್ಲಿ ತಪ್ಪಾದರೆ ವರ್ಷಗಳ ಶ್ರಮ ವ್ಯರ್ಥ.

ಆದ್ದರಿಂದ ಈಗ ಚಿತ್ರಗಳನ್ನು ಎರಡು ಪಾಲು ಮಾಡಿ, ಎರಡನ್ನೂ ಒಂದಕ್ಕೊಂದು ಸಂಬಂಧವಿಲ್ಲದಂತೆ ಸಂಸ್ಕರಿಸಿ, ಕೊನೆಗೆ ಎಷ್ಟು ಸೂಕ್ಷ್ಮ ವಿವರದವರೆಗೆ ಎರಡೂ ಹೊಂದುತ್ತವೆ ಎಂದು ನೋಡುವುದು ರೂಢಿಯಾಗಿದೆ. ಹೊಂದುವಷ್ಟು ವಿವರವನ್ನು ಮಾತ್ರ ರೆಸಲ್ಯೂಷನ್ ಎಂದು ಹೇಳಿಕೊಳ್ಳಬಹುದು.

ಬೆಂಗಳೂರಿನ ನಂಟು

ಎಲೆಕ್ಟ್ರಾನ್ ಚಿತ್ರಗಳಿಂದ ಮೂರು ಆಯಾಮದ ರಚನೆ ಕಟ್ಟುವ ಗಣಿತದಲ್ಲಿ ಬೆಂಗಳೂರಿನ ಹೆಸರೂ ಇದೆ. ಭಾರತೀಯ ವಿಜ್ಞಾನ ಸಂಸ್ಥೆಯ ಜಿ.ಎನ್. ರಾಮಚಂದ್ರನ್ ಮತ್ತು ಎ.ವಿ. ಲಕ್ಷ್ಮಿನಾರಾಯಣನ್ 1971ರಲ್ಲಿ ಎಕ್ಸ್‌ರೇ ಮತ್ತು ಎಲೆಕ್ಟ್ರಾನ್ ಚಿತ್ರಗಳಿಂದ ಮೂರು ಆಯಾಮದ ರೂಪ ಪಡೆಯುವ ಹೊಸ ಲೆಕ್ಕದ ವಿಧಾನ ಪ್ರಕಟಿಸಿದರು. ಆಸ್ಪತ್ರೆಗಳ ಸಿಟಿ ಸ್ಕ್ಯಾನ್ ಗಣಿತದಲ್ಲಿ ಇಬ್ಬರ ಹೆಸರು ಸೇರಿಸಿದ ರಾಮ್-ಲಾಕ್ ಫಿಲ್ಟರ್ ಇಂದಿಗೂ ಪ್ರಸಿದ್ಧ.

ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಭಾಗವಾದ, ಬೆಂಗಳೂರಿನ ಜಿಕೆವಿಕೆ ಆವರಣದಲ್ಲಿರುವ ಎನ್‌ಸಿಬಿಎಸ್ ಕ್ಯಾಂಪಸ್‌ನಲ್ಲಿ ರಾಷ್ಟ್ರೀಯ ಕ್ರಯೋ-ಇಎಂ ಕೇಂದ್ರವಿದೆ. ಇಂಥ ಉನ್ನತ ಯಂತ್ರಕ್ಕೆ ಹತ್ತಾರು ಕೋಟಿ ರೂಪಾಯಿ ಬೇಕಾಗುವುದರಿಂದ ಎಲ್ಲ ವಿಶ್ವವಿದ್ಯಾಲಯಗಳೂ ಕೊಳ್ಳಲಾಗದು. 300ರ ಬದಲು 100 ಕಿಲೋವೋಲ್ಟ್‌ನ ಅಗ್ಗದ ಯಂತ್ರದಲ್ಲೂ ಪ್ರೋಟೀನ್ ರಚನೆ ಬಿಡಿಸಬಹುದು ಎಂದು ಕೇಂಬ್ರಿಜ್ ತಂಡ 2023ರಲ್ಲಿ ತೋರಿಸಿರುವುದು ಈ ಕಾರಣಕ್ಕೆ ಗಮನಾರ್ಹ.

ಒಂದೇ ನೋಟದಲ್ಲಿ: ಏನು ಲಾಭ, ಏನು ನಷ್ಟ?

* ಲೋಹದ ಲೇಪ: ಎದ್ದು ಕಾಣುತ್ತದೆ, ಸೂಕ್ಷ್ಮ ವಿವರ ಹೋಗುತ್ತದೆ.
* ಚಿಕ್ಕ ಅಪರ್ಚರ್: ಗಾಢ ಚಿತ್ರ, ಕಡಿಮೆ ರೆಸಲ್ಯೂಷನ್.
* ಕಡಿಮೆ ವೋಲ್ಟೇಜ್: ಹೆಚ್ಚು ಕಾಂಟ್ರಾಸ್ಟ್, ಸ್ಯಾಂಪಲ್ ತೀರಾ ತೆಳುವಾಗಿರಬೇಕು.
* ಫೋಕಸ್ ತಪ್ಪಿಸುವುದು: ಖರ್ಚಿಲ್ಲದ ಉಪಾಯ, ಕೆಲವು ವಿವರ ಅಳಿಯುತ್ತದೆ, ಕೆಲವು ತಲೆಕೆಳಗಾಗುತ್ತದೆ.
* ಫೇಸ್ ಪ್ಲೇಟ್: ಚಿಕ್ಕ ಪ್ರೋಟೀನ್‌ಗೆ ಅನುಕೂಲ, ನಿಭಾಯಿಸುವುದು ಕಷ್ಟ.
* ಎನರ್ಜಿ ಫಿಲ್ಟರ್: ಮಬ್ಬು ಕಡಿಮೆ, ಎಣಿಕೆಗೆ ಸಿಗುವ ಎಲೆಕ್ಟ್ರಾನ್‌ಗಳೂ ಕಡಿಮೆ.
* ಸರಾಸರಿ ವಿಧಾನ: ಗದ್ದಲ ಇಳಿಯುತ್ತದೆ, ಪರಿಶೀಲನೆ ತಪ್ಪಿದರೆ ಸುಳ್ಳು ಆಕಾರ ಮೂಡಬಹುದು.

ಬೆಲೆ ತೆರದೆ ಕಾಂಟ್ರಾಸ್ಟ್ ಕೊಡುವ ವಿಧಾನ ಇದರಲ್ಲಿ ಯಾವುದೂ ಇಲ್ಲ. ಯಾವ ಸ್ಯಾಂಪಲ್‌ಗೆ ಯಾವ ನಷ್ಟ ತಾಳಬಹುದು ಎಂದು ನೋಡಿ ಆಯ್ದುಕೊಳ್ಳುವುದೇ ಈ ಕೆಲಸದ ಗುಟ್ಟು. ಮುಂದಿನ ಬಾರಿ ಸುದ್ದಿಯಲ್ಲಿ ಬಣ್ಣಬಣ್ಣದ ವೈರಸ್ ಚಿತ್ರ ಕಂಡರೆ ನೆನಪಿರಲಿ: ಎಲೆಕ್ಟ್ರಾನ್‌ಗೆ ಬಣ್ಣ ಗೊತ್ತಿಲ್ಲ, ಅದು ಆಮೇಲೆ ಕಂಪ್ಯೂಟರಿನಲ್ಲಿ ಬಳಿದದ್ದು. ಅದರ ಹಿಂದೆ ಸಾವಿರಾರು ಮಸುಕು ಚಿತ್ರಗಳಿರುತ್ತವೆ, ಅವನ್ನು ಎಷ್ಟರಮಟ್ಟಿಗೆ ನಂಬಬಹುದು ಎಂಬ ಪರೀಕ್ಷೆಯೂ ಇರುತ್ತದೆ.